ಪ್ಯಾರಿಸ್ ಮೇಲಿಂದ ಅಜಂತಾಕ್ಕೆ: ಅಮೃತಾ ಶೇರ್‌ಗಿಲ್ ಬರೆದುಕೊಂಡ ತಮ್ಮದೇ ಚಿತ್ರ

ಮೊದಲು ಪರದೆಯ ಮೇಲಿರುವ ಚಿತ್ರವನ್ನು ನೋಡಿಬಿಡಿ. ಇಸವಿ, ಚರಿತ್ರೆ ಎಲ್ಲ ಆಮೇಲೆ.

ಒಬ್ಬ ಹೆಂಗಸು ನಿಂತಿದ್ದಾಳೆ. ಸೊಂಟದ ಮೇಲೆ ಬಟ್ಟೆಯಿಲ್ಲ. ಕೆಳಗೆ ಒಂದು ಬಿಳಿ ಬಟ್ಟೆ ಸುತ್ತಿಕೊಂಡಿದ್ದಾಳೆ. ಕೂದಲನ್ನು ಹಿಂದಕ್ಕೆಳೆದು ಕಟ್ಟಿದ್ದಾಳೆ, ಅದು ಬೆನ್ನ ಮೇಲೆ ಇಳಿದಿದೆ. ಎರಡೂ ಕೈಗಳನ್ನು ಮುಂದೆ ತಂದು ಒಂದರ ಮೇಲೊಂದು ಇಟ್ಟುಕೊಂಡಿದ್ದಾಳೆ. ಮುಖದಲ್ಲಿ ನಗು ಇಲ್ಲ. ನಿಮ್ಮ ಕಡೆ ನೋಡುತ್ತಲೂ ಇಲ್ಲ. ಪಕ್ಕಕ್ಕೆಲ್ಲೋ ನೋಡುತ್ತಿದ್ದಾಳೆ. ಅವಳ ಹಿಂದೆ ಗೋಡೆಯ ಮೇಲೆ ಒಂದು ದೊಡ್ಡ ನೆರಳಿದೆ, ಗಂಡಸಿನ ನೆರಳು. ಇನ್ನೂ ಹಿಂದೆ ಜಪಾನೀ ಚಿತ್ರಗಳಲ್ಲಿ ಕಾಣುವಂಥ ಕೆಲವು ಆಕೃತಿಗಳು ಮಸುಕಾಗಿವೆ.

ಅಮೃತಾ ಶೇರ್‌ಗಿಲ್ ಅವರು 1934ರಲ್ಲಿ ಬರೆದ ಸೆಲ್ಫ್ ಪೋರ್ಟ್ರೇಟ್ ಇದು. ಹೆಸರು ‘ತಾಹಿತಿಯವಳಾಗಿ ನಾನು’ ಎಂಬರ್ಥದ್ದು. 90 ಸೆಂಟಿಮೀಟರ್ ಎತ್ತರ, 56 ಸೆಂಟಿಮೀಟರ್ ಅಗಲ. ಪರದೆಯ ಮೇಲೆ ಇಷ್ಟು ದೊಡ್ಡದಾಗಿ ಕಾಣುತ್ತಿದೆ, ಆದರೆ ನಿಜವಾದ ಚಿತ್ರ ಮೂರಡಿ ಎತ್ತರವೂ ಇಲ್ಲ. ಬರೆದಾಗ ಅವರಿಗೆ ಇಪ್ಪತ್ತೊಂದು ವರ್ಷ. ತಾಹಿತಿ ಇರುವುದು ಪೆಸಿಫಿಕ್ ಸಾಗರದ ನಡುವೆ. ಅಮೃತಾ ಅಲ್ಲಿಗೆ ಯಾವತ್ತೂ ಹೋದವರಲ್ಲ.

ಹಾಗಾದರೆ ಪ್ಯಾರಿಸ್ಸಿನಲ್ಲಿ ಕೂತ ಈ ಪಂಜಾಬಿ-ಹಂಗೇರಿಯನ್ ಹುಡುಗಿ ತನ್ನನ್ನು ತಾಹಿತಿಯವಳಂತೆ ಯಾಕೆ ಬರೆದುಕೊಂಡಳು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಅವರ ಹಿನ್ನೆಲೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1913ರ ಜನವರಿ 30ರಂದು, ಬುಡಾಪೆಸ್ಟ್‌ನಲ್ಲಿ. ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್, ಮಜೀಠಿಯಾ ಮನೆತನದ ಸಿಖ್ ಶ್ರೀಮಂತರು. ಸಂಸ್ಕೃತ, ಪಾರ್ಸಿ ಓದಿಕೊಂಡಿದ್ದವರು. ತಾಯಿ ಮಾರಿ ಆಂತ್ವಾನೆಟ್, ಹಂಗೇರಿಯ ಆಪೆರಾ ಗಾಯಕಿ. ಒಬ್ಬಳು ತಂಗಿ, ಇಂದಿರಾ. ಮೊದಲ ಮಹಾಯುದ್ಧ ಮುಗಿಯುವವರೆಗೆ ಹಂಗೇರಿಯಲ್ಲೇ ಇದ್ದು 1921ರಲ್ಲಿ ಶಿಮ್ಲಾಕ್ಕೆ ಬಂದರು. ತಾಯಿಯ ತಮ್ಮ ಎರ್ವಿನ್ ಬಕ್ತಾಯ್ ಭಾರತದ ಬಗ್ಗೆ ಅಧ್ಯಯನ ಮಾಡಿದವರು, ಅದಕ್ಕೂ ಮೊದಲು ಚಿತ್ರಕಲೆ ಕಲಿತವರು. ಮನಸ್ಸಿನಲ್ಲಿ ಕಲ್ಪಿಸಿಕೊಂಡು ಬರೆಯಬೇಡ, ಕಣ್ಣೆದುರು ಕೂತ ಮನುಷ್ಯರನ್ನು ನೋಡಿ ಬರಿ ಅಂತ ಹುಡುಗಿಗೆ ಹೇಳಿಕೊಟ್ಟವರು ಈ ಸೋದರಮಾವ. 1929ರಲ್ಲಿ ಇಡೀ ಸಂಸಾರ ಪ್ಯಾರಿಸ್ಸಿಗೆ ಹೋಯಿತು, ಮಗಳ ಕಲಿಕೆಗಾಗಿ. ಮೊದಲು ಗ್ರಾಂದ್ ಶೋಮಿಯೇರ್ ಎಂಬ ಶಾಲೆ, ಆಮೇಲೆ ಅಲ್ಲಿನ ದೊಡ್ಡ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಲೂಸಿಯಾಂ ಸಿಮೋಂ ಎಂಬ ಗುರು.

ಆ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1897ರಲ್ಲಿ. ಅಂದರೆ ಅಮೃತಾ ಸೇರುವ ಹೊತ್ತಿಗೆ ಮೂವತ್ತು ಚಿಲ್ಲರೆ ವರ್ಷವಷ್ಟೇ ಆಗಿತ್ತು. ಯುರೋಪಿನಲ್ಲಿ ನೂರಾರು ವರ್ಷ ಹೆಣ್ಣುಮಕ್ಕಳಿಗೆ ಬೆತ್ತಲೆ ದೇಹವನ್ನು ನೋಡಿ ಬರೆಯುವ ಅವಕಾಶವೇ ಇರಲಿಲ್ಲ. ಅವರಿಗೆ ಸುಲಭವಾಗಿ ಸಿಗುತ್ತಿದ್ದ ಮಾಡೆಲ್ ಅಂದರೆ ಕನ್ನಡಿಯಲ್ಲಿ ಕಾಣುವ ತಮ್ಮದೇ ಮುಖ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಹೊತ್ತು ಹೊತ್ತಿಗೆ ಬಂದಿಲ್ಲ ಅಂತ ಕಾಯಬೇಕಾಗಿಲ್ಲ. ಚಿತ್ರಕಲೆಯ ಚರಿತ್ರೆಯಲ್ಲಿ ಹೆಣ್ಣುಮಕ್ಕಳು ತಮ್ಮ ಮುಖವನ್ನೇ ಇಷ್ಟೊಂದು ಬರೆದುಕೊಂಡಿರುವುದಕ್ಕೆ ಆತ್ಮಶೋಧನೆ ಅಂತೆಲ್ಲ ದೊಡ್ಡ ಕಾರಣ ಕೊಡುತ್ತೇವೆ. ಇರಬಹುದು. ಆದರೆ ಅರ್ಧ ಕಾರಣ ಈ ಕನ್ನಡಿಯ ಅನುಕೂಲ ಅಂತ ನನಗನ್ನಿಸುತ್ತದೆ.

ಅಮೃತಾ ಕೂಡ ಪ್ಯಾರಿಸ್ಸಿನ ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಸಲ ತಮ್ಮನ್ನು ಬರೆದುಕೊಂಡಿದ್ದಾರೆ. ಒಂದರಲ್ಲಿ ಹಲ್ಲು ಕಾಣುವಂತೆ ನಗುತ್ತಾರೆ. ಇನ್ನೊಂದರಲ್ಲಿ ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಮುಂದೆ ಕೂತಿರುತ್ತಾರೆ. ಕೆಲವದರಲ್ಲಿ ಪಕ್ಕಾ ಯುರೋಪಿನ ಹುಡುಗಿ, ಕೆಲವದರಲ್ಲಿ ಭಾರತದವಳು. ಒಂದೊಂದು ಸಲ ಒಂದೊಂದು ವೇಷ. ಬೇರೆ ಬೇರೆ ಉಡುಪು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಯಾವುದು ಒಪ್ಪುತ್ತದೆ ಅಂತ ನೋಡಿಕೊಂಡ ಹಾಗಿದೆ. ಇದರಲ್ಲಿ ಆಟವೂ ಇದೆ, ಸ್ವಲ್ಪ ಜಂಬವೂ ಇದೆ. ಇಪ್ಪತ್ತರ ಹುಡುಗಿ, ಚೆಂದ ಇದ್ದೇನೆ ಅಂತ ಗೊತ್ತಿತ್ತು, ಜಂಬ ಇರಬಾರದೇ?

ಈಗ ಇನ್ನೊಂದು ಚಿತ್ರ ನೋಡಿ. 1932ರದ್ದು, ‘ಯಂಗ್ ಗರ್ಲ್ಸ್’. ಇಬ್ಬರು ಹುಡುಗಿಯರು ಎದುರುಬದುರು ಕೂತಿದ್ದಾರೆ. ಒಬ್ಬಳು ತಂಗಿ ಇಂದಿರಾ, ಇನ್ನೊಬ್ಬಳು ಗೆಳತಿ. ಈ ಚಿತ್ರಕ್ಕೆ 1933ರಲ್ಲಿ ಪ್ಯಾರಿಸ್ಸಿನ ಗ್ರಾಂದ್ ಸಲೋಂ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಬಂತು, ಅಲ್ಲಿನ ಸಹಸದಸ್ಯೆಯನ್ನಾಗಿಯೂ ಮಾಡಿಕೊಂಡರು. ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ. ಚರ್ಮದ ಮೇಲೆ ಬೆಳಕು ಬಿದ್ದದ್ದು, ಬಟ್ಟೆ ಮಡಿಕೆಯಾದದ್ದು, ಕೂದಲು ಮುಂದಕ್ಕೆ ಜಾರಿದ್ದು, ಎಲ್ಲ ಸರಿಯಾಗಿದೆ. ಶಾಲೆಯಲ್ಲಿ ಕಲಿಸಿದ್ದನ್ನೆಲ್ಲ ಒಪ್ಪಿಸಿಬಿಟ್ಟಿದ್ದಾರೆ. ನನ್ನ ತಕರಾರೇ ಅದು. ಈ ಚಿತ್ರವನ್ನು ಪ್ಯಾರಿಸ್ಸಿನ ಇನ್ನೊಬ್ಬ ಪ್ರತಿಭಾವಂತ ವಿದ್ಯಾರ್ಥಿಯೂ ಬರೆಯಬಹುದಿತ್ತು. ಆದರೆ ಎರಡು ವರ್ಷ ಬಿಟ್ಟು ಬರೆದ ಆ ತಾಹಿತಿಯ ಚಿತ್ರವನ್ನು ಇನ್ಯಾರೂ ಬರೆಯಲು ಸಾಧ್ಯವಿರಲಿಲ್ಲ.

ಎರಡು ವರ್ಷದಲ್ಲಿ ಏನಾಯಿತು? ಪಾಲ್ ಗೋಗ್ಯಾಂ ಆದ.

ಗೋಗ್ಯಾಂ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1848ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಷೇರು ಮಾರುಕಟ್ಟೆಯಲ್ಲಿ ಕೆಲಸ, ಹೆಂಡತಿ, ಐದು ಮಕ್ಕಳು. ಎಲ್ಲ ಬಿಟ್ಟು ಚಿತ್ರಕಾರನಾದ. ಯುರೋಪು ಕೆಟ್ಟುಹೋಗಿದೆ, ನಾಗರಿಕತೆಯ ಸೋಂಕಿಲ್ಲದ ಜಾಗ ಬೇಕು ಅಂತ 1891ರಲ್ಲಿ ತಾಹಿತಿಗೆ ಹೋದ. ಅಲ್ಲಿ ನೋಡಿದರೆ ಫ್ರೆಂಚರ ಆಡಳಿತ, ಪಾದ್ರಿಗಳು, ಮೈತುಂಬ ಬಟ್ಟೆ ಹಾಕಿಕೊಂಡ ಹೆಂಗಸರು. ಅವನು ಹುಡುಕಿಕೊಂಡು ಹೋದ ತಾಹಿತಿ ಅಲ್ಲಿರಲಿಲ್ಲ. ಇಲ್ಲದ್ದನ್ನು ಕ್ಯಾನ್ವಾಸಿನ ಮೇಲೆ ಮಾಡಿಕೊಂಡ. ಹಣ್ಣು, ಹೂವು, ಬರಿಮೈಯ ಕಂದು ಹೆಂಗಸರು, ಗಾಢ ಬಣ್ಣಗಳು. ಅವನ ಜೊತೆ ಅಲ್ಲಿ ಸಂಸಾರ ಮಾಡಿದ ಹುಡುಗಿ ತೆಹಮಾನಾಗೆ ಹದಿಮೂರರ ಆಸುಪಾಸಿನ ವಯಸ್ಸು. ಅವನ ಚಿತ್ರಗಳು ಎಷ್ಟು ಚೆಂದವೋ ಈ ಸಂಗತಿ ಅಷ್ಟೇ ಕಹಿ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ನೋಡಬೇಕು, ಬೇರೆ ದಾರಿಯಿಲ್ಲ. 1903ರಲ್ಲಿ ಅದೇ ಸಾಗರದ ಮಾರ್ಕೇಸಸ್ ದ್ವೀಪಗಳಲ್ಲಿ ಸತ್ತ.

ಅಮೃತಾ ಪ್ಯಾರಿಸ್ಸಿಗೆ ಬರುವ ಹೊತ್ತಿಗೆ ಆ ಊರಿಗೆ ಇಂಥದ್ದರ ಹಸಿವು ಜಾಸ್ತಿಯೇ ಇತ್ತು. 1931ರಲ್ಲಿ ಅಲ್ಲಿ ದೊಡ್ಡದೊಂದು ವಸಾಹತು ಪ್ರದರ್ಶನ ನಡೆಯಿತು. ಫ್ರಾನ್ಸ್ ಆಳುತ್ತಿದ್ದ ದೇಶಗಳ ಮನೆ, ಗುಡಿ, ಕುಣಿತ, ಜನ, ಎಲ್ಲವನ್ನೂ ತಂದು ತೋರಿಸಿದರು. ಅಂಥ ಊರಲ್ಲಿ ಅಮೃತಾ ಕಂದು ಬಣ್ಣದ, ದೊಡ್ಡ ಕಣ್ಣಿನ, ‘ಪೂರ್ವದಿಂದ ಬಂದ’ ಹುಡುಗಿ. ನೋಡುವವರ ಕಣ್ಣಿಗೆ ಅವರೂ ಒಂದು ಗೋಗ್ಯಾಂ ಚಿತ್ರವೇ. ಹಂಗೇರಿಯನ್ ಮಾತಾಡುತ್ತಿದ್ದರು, ಫ್ರೆಂಚ್ ಸರಾಗ, ಪಿಯಾನೋ ನುಡಿಸುತ್ತಿದ್ದರು. ಅದೆಲ್ಲ ಆಮೇಲೆ. ಮೊದಲು ಕಾಣುವುದು ಬಣ್ಣ.

ಈಗ ಮತ್ತೆ ನಮ್ಮ ಚಿತ್ರಕ್ಕೆ ಬನ್ನಿ. ಇಲ್ಲಿ ಅಮೃತಾ ಮಾಡಿದ್ದೇನು? ಗೋಗ್ಯಾಂ ಹೆಂಗಸರು ನಿಲ್ಲುತ್ತಿದ್ದ ಜಾಗದಲ್ಲಿ ತಾವೇ ಹೋಗಿ ನಿಂತುಕೊಂಡರು.

ಗೋಗ್ಯಾಂ 1899ರಲ್ಲಿ ಬರೆದ ‘ಇಬ್ಬರು ತಾಹಿತಿ ಹೆಂಗಸರು’ ಚಿತ್ರ ನೋಡಿ. ಒಬ್ಬಳ ಕೈಯಲ್ಲಿ ತಟ್ಟೆ. ಅದರಲ್ಲಿ ಹಣ್ಣೋ ಹೂವೋ, ಕೆಂಪಗಿದೆ. ಅದನ್ನು ಎದೆಯ ಹತ್ತಿರವೇ ಹಿಡಿದಿದ್ದಾಳೆ. ತಗೊಳ್ಳಿ ಅನ್ನುವಂತೆ. ಕೊಡುವುದು ಹಣ್ಣನ್ನೋ ತನ್ನನ್ನೋ ಎಂಬ ಅನುಮಾನ ಬರುವಂತೆಯೇ ಗೋಗ್ಯಾಂ ಬರೆದಿದ್ದಾನೆ. ಅಮೃತಾ ಕೈಯಲ್ಲಿ ಏನಿದೆ? ಏನೂ ಇಲ್ಲ. ತಟ್ಟೆಯಿಲ್ಲ, ಹೂವಿಲ್ಲ, ಕಿವಿಯ ಹಿಂದೆ ಸಿಕ್ಕಿಸಿದ್ದೂ ಇಲ್ಲ. ಕೈಗಳು ಮುಚ್ಚಿಕೊಂಡಿವೆ. ಈ ಕೈಗಳನ್ನು ಸ್ವಲ್ಪ ಹೊತ್ತು ನೋಡಿ. ಬಟ್ಟೆ ಜಾರದಂತೆ ಹಿಡಿದ ಹಾಗೂ ಇದೆ, ಸುಮ್ನೆ ಕಾಯುತ್ತ ನಿಂತ ಹಾಗೂ ಇದೆ. ಮಾಡೆಲ್ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ, ಹೊತ್ತು ಜಾಸ್ತಿಯಾದಾಗ ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಹೀಗೇ ಮುಂದೆ ಕಟ್ಟಿಕೊಳ್ಳುತ್ತೇವೆ. ಇಲ್ಲಿ ಆ ಬೇಸರ ಇದೆ. ಗೋಗ್ಯಾಂ ಚಿತ್ರಗಳಲ್ಲೂ ಹೆಂಗಸರು ನಗುವುದು ಕಡಿಮೆ, ಆದರೆ ಅವರ ಮೌನವನ್ನು ಅವನು ರಹಸ್ಯ ಅಂತ ಬರೆದ. ಅಮೃತಾ ಅದನ್ನು ಬೇಸರ ಅಂತ ಬರೆದಿದ್ದಾರೆ. ಒಳಗಿನಿಂದ ಗೊತ್ತಿರುವವರಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಗಮನಿಸಿ. ಈ ಚಿತ್ರದಲ್ಲಿ ತಾಹಿತಿಯೇ ಇಲ್ಲ! ಸಮುದ್ರ ಇಲ್ಲ, ತೆಂಗು ಇಲ್ಲ, ಮಾವು ಇಲ್ಲ. ಹಿಂದಿರುವುದು ಜಪಾನು. ಅದು ಎಲ್ಲಿಂದ ಬಂತು? ಗೋಗ್ಯಾಂನ ಗೆಳೆಯ, ಡಚ್ ಚಿತ್ರಕಾರ ವಾನ್ ಗೋಗ್ 1887ರಲ್ಲಿ ಪೇರ್ ತಾಂಗಿ ಎಂಬ ಬಣ್ಣದ ವ್ಯಾಪಾರಿಯ ಚಿತ್ರ ಬರೆದ. ಮುದುಕ ಕೈ ಜೋಡಿಸಿಕೊಂಡು ಕೂತಿದ್ದಾನೆ, ಹಿಂದೆ ಗೋಡೆ ತುಂಬ ಜಪಾನೀ ಚಿತ್ರಗಳು. ಅಮೃತಾ ಚಿತ್ರದ ಹಿನ್ನೆಲೆ ನೋಡಿದ ಕೂಡಲೇ ಅದು ನೆನಪಾಗುತ್ತದೆ. ಅಮೃತಾಗೆ ವಾನ್ ಗೋಗ್ ಅಂದರೆ ಬಹಳ ಇಷ್ಟ. ಅವನೂ ಜಪಾನ್ ನೋಡಿದವನಲ್ಲ. ಆದರೂ 1888ರಲ್ಲಿ ತಲೆ ಬೋಳಿಸಿಕೊಂಡ ಜಪಾನೀ ಬೌದ್ಧ ಸನ್ಯಾಸಿಯ ಹಾಗೆ ತನ್ನ ಚಿತ್ರವನ್ನು ತಾನೇ ಬರೆದುಕೊಂಡ. ಬರೆದು ಯಾರಿಗೆ ಕೊಟ್ಟ ಗೊತ್ತಾ? ಗೋಗ್ಯಾಂಗೆ. ಹೋಗದ ಊರಿನವರ ಹಾಗೆ ತನ್ನನ್ನು ಬರೆದುಕೊಳ್ಳುವ ಈ ಚಾಳಿ ಆ ಗೆಳೆಯರ ಮನೆಯಲ್ಲೇ ಹುಟ್ಟಿದ್ದು ಅನ್ನಬೇಕು. ಅಮೃತಾ ಆ ಮನೆಯೊಳಗೆ ಬಂದವರು. ಆದರೆ ಬಂದದ್ದು ಅತಿಥಿಯಾಗಿ ಅಲ್ಲ, ಗೋಡೆಗೆ ತಗುಲಿಸಿದ ಚಿತ್ರದಿಂದ ಇಳಿದು.

ಇನ್ನು ಆ ನೆರಳು. ಇದು ಯಾರದು ಅಂತ ಬಹಳ ಚರ್ಚೆ ಆಗಿದೆ. ಗೋಗ್ಯಾಂ ನೆರಳು ಅನ್ನುವವರಿದ್ದಾರೆ. ಪಶ್ಚಿಮದ ಗಂಡಸಿನ ನೋಟ ಅನ್ನುವವರಿದ್ದಾರೆ. ನಾನು ಬೆಳಕಿನ ಲೆಕ್ಕದಲ್ಲಿ ಯೋಚಿಸುತ್ತೇನೆ. ಅವಳ ಹಿಂದಿನ ಗೋಡೆಯ ಮೇಲೆ ಒಬ್ಬನ ನೆರಳು ಬೀಳಬೇಕಾದರೆ ಅವನು ಎಲ್ಲಿ ನಿಂತಿರಬೇಕು? ಅವಳ ಮುಂದೆ. ಚಿತ್ರದ ಹೊರಗೆ. ಅಂದರೆ ಈಗ ನೀವು ನಾವು ನಿಂತಿರುವ ಜಾಗದಲ್ಲಿ. ಬರೆಯುವವನು ನಿಲ್ಲುವ ಜಾಗವೂ ಅದೇ. ಆದರೆ ಈ ಚಿತ್ರ ಬರೆಯುವಾಗ ಆ ಜಾಗದಲ್ಲಿ ಯಾರಿದ್ದರು? ಅಮೃತಾ! ಬ್ರಷ್ ಹಿಡಿದದ್ದು ಒಬ್ಬ ಹೆಂಗಸು, ಗೋಡೆಗೆ ಬಿದ್ದದ್ದು ಗಂಡಸಿನ ನೆರಳು. ಬರೆಯುವಾಗ ತಾನು ನಿಂತಿರುವುದು ಗಂಡಸರು ನಿಂತು ನಿಂತು ಸವೆಸಿದ ಜಾಗದಲ್ಲಿ ಅಂತ ಅವರಿಗೆ ಗೊತ್ತಿತ್ತು ಅಂತ ನಾನು ಓದಿಕೊಳ್ಳುತ್ತೇನೆ. ನೀವು ಒಪ್ಪಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಅಮೃತಾ ಏನು ಬಡ ತಾಹಿತಿ ಹುಡುಗಿಯೇ? ಸಿರಿವಂತರ ಮಗಳು. ತಾಹಿತಿಯ ಹೆಂಗಸರ ಪರವಾಗಿ ಮಾತಾಡಲು ಇವರಿಗೆ ಯಾರು ಹೇಳಿದರು? ಗೋಗ್ಯಾಂ ಮಾಡಿದ್ದನ್ನೇ ಇವರೂ ಮಾಡಿದರಲ್ಲವೇ, ಇನ್ನೊಬ್ಬರ ಬಣ್ಣವನ್ನು ವೇಷವಾಗಿ ಹಾಕಿಕೊಂಡು? ಈ ಮಾತಿನಲ್ಲಿ ಸತ್ಯವಿದೆ. ಇದು ಪ್ರತಿಭಟನೆಯ ಚಿತ್ರ ಅಂತ ಈಗಿನವರು ಬರೆಯುವುದನ್ನು ಓದಿದಾಗ ನನಗೂ ಇರುಸುಮುರುಸಾಗುತ್ತದೆ. ಯಾಕೆಂದರೆ ಅವರು ಗೋಗ್ಯಾಂನನ್ನು ಮನಸಾರೆ ಮೆಚ್ಚಿದ್ದರು. ಆ ಚಪ್ಪಟೆ ಬಣ್ಣ, ಆ ಸರಳ ರೇಖೆ ಅವರಿಗೆ ಬೇಕಾಗಿತ್ತು. ಜಗಳ ಇದ್ದರೆ ಅದು ಪ್ರೀತಿಯ ಒಳಗಿನ ಜಗಳ. ಮೆಚ್ಚಿದವನ ಮನೆಯಲ್ಲಿ ತನ್ನಂಥವಳಿಗೆ ಎಂಥ ಜಾಗ ಇದೆ ಅಂತ ಹೋಗಿ ನಿಂತು ನೋಡಿದ್ದು.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಅನುಮತಿ ಕೊಡಿ. ಅಮೃತಾ ಮೇಲಿನ ಪ್ರಭಾವ ಅಂದಾಗ ಎಲ್ಲರೂ ಫ್ರೆಂಚ್ ಚಿತ್ರಕಾರ ಸೆಜಾನ್, ಗೋಗ್ಯಾಂ, ವಾನ್ ಗೋಗ್ ಅನ್ನುತ್ತಾರೆ. ಮನೆಯೊಳಗೇ ಇದ್ದ ಒಬ್ಬ ಕಲಾವಿದನನ್ನು ಮರೆಯುತ್ತಾರೆ. ತಂದೆ ಉಮ್ರಾವ್ ಸಿಂಗ್. ಅವರಿಗೆ ಫೋಟೋ ತೆಗೆಯುವ ಹುಚ್ಚು. ಹೆಂಡತಿ ಮಕ್ಕಳ ಫೋಟೋ ತೆಗೆದರು, ಎಲ್ಲಕ್ಕಿಂತ ಜಾಸ್ತಿ ತಮ್ಮದೇ ಫೋಟೋ ತೆಗೆದುಕೊಂಡರು. ವರ್ಷಗಟ್ಟಲೆ. ಪ್ಯಾರಿಸ್ಸಿನಲ್ಲಿ ಅವರ ಮನೆಯಿದ್ದದ್ದು ರೂ ದ ಬಸ್ಸಾನೋ ಬೀದಿಯಲ್ಲಿ. 1930ರಲ್ಲಿ ಆ ಮನೆಯಲ್ಲಿ ಹದಿನೈದು ದಿನ ಉಪವಾಸ ಮಾಡಿ, ಆಮೇಲೆ ಬರಿಮೈಯಲ್ಲಿ ಕ್ಯಾಮೆರಾ ಮುಂದೆ ನಿಂತರು. ಉದ್ದ ಗಡ್ಡ, ಬಿಚ್ಚಿದ ಕೂದಲು, ಯೋಗ ಮಾಡಿ ಒಣಗಿದ ಮೈ. ಯೋಚಿಸಿ, ಅಪ್ಪ ಒಂದು ಕೋಣೆಯಲ್ಲಿ ತನ್ನ ಮೈಯನ್ನು ಹೀಗೆ ತೆರೆದಿಟ್ಟು ತಾನೇ ಫೋಟೋ ತೆಗೆದುಕೊಳ್ಳುತ್ತಿದ್ದಾರೆ. ಆ ಮನೆಯಲ್ಲಿ ಬೆಳೆದ ಮಗಳು ನಾಲ್ಕು ವರ್ಷ ಬಿಟ್ಟು ತನ್ನ ಮೈಯನ್ನು ತಾನೇ ಬರೆಯುತ್ತಾಳೆ. ಇಬ್ಬರೂ ಬಟ್ಟೆ ತೆಗೆದದ್ದು ಇನ್ನೊಬ್ಬರಿಗಾಗಿ ಅಲ್ಲ, ತಮ್ಮನ್ನು ತಾವು ನೋಡಿಕೊಳ್ಳಲಿಕ್ಕೆ. ಇದನ್ನು ಪ್ರಭಾವ ಅನ್ನದೆ ಇನ್ನೇನು ಅನ್ನಬೇಕು? ಆ ಫೋಟೋಗಳು ನಮಗೆ ಸಿಕ್ಕಿವೆ. ಇಂದಿರಾ ಅವರ ಮಗ, ಕಲಾವಿದ ವಿವಾನ್ ಸುಂದರಂ, 2001ರ ಸುಮಾರಿಗೆ ಅಜ್ಜ ತೆಗೆದ ಫೋಟೋಗಳನ್ನೂ ದೊಡ್ಡಮ್ಮನ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಬೆರೆಸಿ ಒಂದು ದೊಡ್ಡ ಸರಣಿ ಮಾಡಿದರು. ಮೂರು ತಲೆಮಾರು ಒಂದೇ ಕನ್ನಡಿಯ ಮುಂದೆ.

ಮುಖ್ಯ ಮಾತಿಗೆ ಬರುತ್ತೇನೆ. ಈ ಚಿತ್ರ ಬರೆದ ವರ್ಷವೇ, ಅಂದರೆ 1934ರಲ್ಲೇ, ಅಮೃತಾ ಮನೆಯವರಿಗೆ ಒಂದು ಪತ್ರ ಬರೆದರು. ಭಾರತಕ್ಕೆ ವಾಪಸ್ ಹೋಗಬೇಕು ಅಂತ. ಅದರಲ್ಲೊಂದು ಮಾತಿದೆ. ಯುರೋಪಿಗೆ ಬರದಿದ್ದರೆ ಅಜಂತಾದ ಒಂದು ಭಿತ್ತಿಚಿತ್ರವೋ, ಏಷ್ಯಾದ ಕಲೆಯನ್ನಿಟ್ಟಿರುವ ಪ್ಯಾರಿಸ್ಸಿನ ಗಿಮೆ ಮ್ಯೂಸಿಯಂನಲ್ಲಿರುವ ಒಂದು ಸಣ್ಣ ಶಿಲ್ಪವೋ ಯುರೋಪಿನ ಕಲೆಯ ಪುನರುಜ್ಜೀವನ ಕಾಲವಾದ ಇಡೀ ರೆನೆಸಾನ್ಸಿಗಿಂತ ಹೆಚ್ಚು ಬೆಲೆಯದು ಅಂತ ತನಗೆ ತಿಳಿಯುತ್ತಲೇ ಇರಲಿಲ್ಲವೇನೋ ಅನ್ನುತ್ತಾರೆ. ಭಾರತದ ಕಲೆಯನ್ನು ಅರ್ಥ ಮಾಡಿಸಿದ್ದು ಆಧುನಿಕ ಕಲೆ ಅಂತ ಒಪ್ಪಿಕೊಳ್ಳುತ್ತಾರೆ. ಇಪ್ಪತ್ತೊಂದರ ಹುಡುಗಿಯ ಮಾತು, ಸ್ವಲ್ಪ ಅತಿ ಇದೆ. ಇಡೀ ರೆನೆಸಾನ್ಸನ್ನೇ ಹೀಗೆ ಪಕ್ಕಕ್ಕಿಡುವುದು ಅತಿಯೇ. ಆದರೆ ಗಮನಿಸಿ, ಆಗಿನ್ನೂ ಅವರು ಅಜಂತಾವನ್ನು ಕಣ್ಣಾರೆ ನೋಡಿರಲಿಲ್ಲ.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತ ನಾವು ನಗುತ್ತೇವೆ. ಇಲ್ಲಿ ಊರೆಲ್ಲ ಸುತ್ತಿದ್ದರಿಂದಲೇ ಕೂಸು ಕಂಡಿತು. ಚಪ್ಪಟೆ ಬಣ್ಣ ಕೊರತೆಯಲ್ಲ, ದೇಹವನ್ನು ನೆರಳು-ಬೆಳಕಿಲ್ಲದೆ ಬರೀ ರೇಖೆಯಲ್ಲಿ ಹಿಡಿಯಬಹುದು, ಕಂದು ಬಣ್ಣವೇ ಬೆಳಕಾಗಬಹುದು ಎಂಬುದನ್ನು ಅವರು ಗೋಗ್ಯಾಂನಿಂದ ಕಲಿತರು. ಅದು ಗೊತ್ತಿಲ್ಲದ ಕಣ್ಣಿಗೆ ಅಜಂತಾ ಬರೀ ಹಳೇ ಚಿತ್ರ.

ಇದರಲ್ಲಿ ಇನ್ನೊಂದು ಸುತ್ತು ಇದೆ, ನನಗೆ ಬಹಳ ಇಷ್ಟದ್ದು. ಗೋಗ್ಯಾಂ ತಾಹಿತಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಕೆಲವು ಫೋಟೋಗಳನ್ನು ಒಯ್ದಿದ್ದ. ಅದರಲ್ಲಿ ಜಾವಾದ ಬೊರೊಬುದುರ್ ಸ್ತೂಪದ ಶಿಲ್ಪಗಳ ಫೋಟೋಗಳಿದ್ದವು. 1891ರಲ್ಲಿ ಬರೆದ ‘ಇಯಾ ಒರಾನಾ ಮಾರಿಯಾ’ ಚಿತ್ರದಲ್ಲಿ ಇಬ್ಬರು ತಾಹಿತಿ ಹೆಂಗಸರು ಮೇರಿ ಮಾತೆಗೆ ಕೈಮುಗಿದು ನಿಂತಿದ್ದಾರೆ ನೋಡಿ. ಆ ನಿಲುವು, ಆ ಕೈಮುಗಿದ ರೀತಿ ಬೊರೊಬುದುರ್ ಫೋಟೋದಿಂದ ಎತ್ತಿದ್ದು. ಬೊರೊಬುದುರ್ ಶಿಲ್ಪಕ್ಕೆ ನಮ್ಮ ಗುಪ್ತರ ಕಾಲದ ಬೌದ್ಧ ಶಿಲ್ಪದ ನಂಟು ಇದೆ. ಭಾರತದಿಂದ ಜಾವಾಕ್ಕೆ, ಜಾವಾದಿಂದ ಫೋಟೋ ಆಗಿ ಪ್ಯಾರಿಸ್ಸಿಗೆ, ಗೋಗ್ಯಾಂ ಪೆಟ್ಟಿಗೆಯಲ್ಲಿ ತಾಹಿತಿಗೆ, ಅವನ ಚಿತ್ರಗಳಲ್ಲಿ ಮತ್ತೆ ಯುರೋಪಿಗೆ. ಅಮೃತಾ ಗೋಗ್ಯಾಂ ಮೂಲಕ ಅಜಂತಾಕ್ಕೆ ಬಂದರು ಅಂದರೆ ಅಚ್ಚರಿಪಡಬೇಕಾಗಿಲ್ಲ. ಅವನ ಚಿತ್ರದೊಳಗೆ ಅಜಂತಾದ ದೂರದ ನೆಂಟರು ಆಗಲೇ ಕೂತಿದ್ದರು. ಯಾರಿಂದ ಯಾರು ಕದ್ದರು ಅಂತ ಲೆಕ್ಕ ಹಾಕಲು ಹೊರಟರೆ ನಮ್ಮ ತಲೆಯೇ ತಿರುಗುತ್ತದೆ.

ಅಜಂತಾ ಅಂದಾಗ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ ಹೆಸರು ಹೇಳದೆ ಮುಂದೆ ಹೋಗಬಾರದು. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. 1910ರ ಆಸುಪಾಸಿನಲ್ಲಿ ಲೇಡಿ ಹೆರಿಂಗಮ್ ಎಂಬ ಇಂಗ್ಲಿಷ್ ಮಹಿಳೆ ಅಜಂತಾ ಚಿತ್ರಗಳನ್ನು ನಕಲು ಮಾಡಿಸಿದರು. ಆಗ ನಂದಲಾಲ್ ಬೋಸ್ ಮೊದಲಾದವರ ಜೊತೆ ವೆಂಕಟಪ್ಪನವರೂ ಹೋಗಿದ್ದರು. ಅಮೃತಾ ಅಲ್ಲಿಗೆ ಹೋಗುವುದಕ್ಕೆ ಇಪ್ಪತ್ತೈದು ವರ್ಷ ಮುಂಚೆ! ಅದೇ ಗುಹೆ, ಅದೇ ಗೋಡೆ. ಅವನೀಂದ್ರರ ಶಿಷ್ಯರು ಅಲ್ಲಿಂದ ತಂದದ್ದು ನಯವಾದ ರೇಖೆ, ಪುರಾಣದ ಕಥೆ, ತೆಳುವಾದ ಜಲವರ್ಣದ ಕನಸು. ಅಮೃತಾ ತಂದದ್ದು ತೂಕ. ದೇಹಗಳ ತೂಕ, ಬಣ್ಣದ ತೂಕ. ಅವನೀಂದ್ರರ ಬಳಗದ ಈ ಬಂಗಾಳ ಶೈಲಿಯನ್ನು ಅಮೃತಾ ಎಲ್ಲರೆದುರೇ ಕಟುವಾಗಿ ಟೀಕಿಸುತ್ತಿದ್ದರು, ಅದು ಭಾರತೀಯ ಕಲೆಯನ್ನು ಕಟ್ಟಿಹಾಕಿದೆ ಅಂತ. ಆ ಟೀಕೆಯಲ್ಲಿ ನ್ಯಾಯ ಕಡಿಮೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್ ಜಲವರ್ಣಗಳನ್ನು ನಮ್ಮ ಬೆಂಗಳೂರಿನ ಗ್ಯಾಲರಿಯಲ್ಲಿ ನೋಡಿದವರು ಆ ಶಿಷ್ಯರೆಲ್ಲ ಒಂದೇ ಅಚ್ಚು ಅನ್ನಲಾರರು. ಆದರೆ ಕಲಾವಿದರು ಟೀಕೆ ಮಾಡುವುದು ತೀರ್ಪು ಕೊಡಲಿಕ್ಕಲ್ಲ, ತಮಗೆ ದಾರಿ ಬಿಡಿಸಿಕೊಳ್ಳಲಿಕ್ಕೆ.

1934ರ ಕೊನೆಯಲ್ಲಿ ಅಮೃತಾ ಭಾರತಕ್ಕೆ ವಾಪಸ್ ಬಂದರು. ಅವರ ಗುರು ಸಿಮೋಂ ಮೊದಲೇ ಹೇಳುತ್ತಿದ್ದರಂತೆ, ನಿನ್ನ ಬಣ್ಣಗಳು ಪಶ್ಚಿಮದ ಬೂದು ಸ್ಟುಡಿಯೋಗಳಿಗೆ ಹೊಂದುವುದಿಲ್ಲ, ಪೂರ್ವದ ಬೆಳಕಿನಲ್ಲಿ ಅವು ಅರಳುತ್ತವೆ ಅಂತ. ಬಂದ ಮರುವರ್ಷವೇ ‘ಮೂವರು ಹುಡುಗಿಯರು’ ಬಂತು. ಬೇರೆ ಬೇರೆ ಬಣ್ಣದ ಬಟ್ಟೆ ತೊಟ್ಟ ಮೂವರು, ತಗ್ಗಿಸಿದ ಕಣ್ಣು, ಹಿನ್ನೆಲೆಯಲ್ಲಿ ಏನೂ ಇಲ್ಲ. ಏನನ್ನೋ ಕಾಯುತ್ತಿದ್ದಾರೆ, ಅದು ಒಳ್ಳೆಯದಲ್ಲ ಅಂತ ಅವರಿಗೆ ಗೊತ್ತು. ಇದಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಅದೇ 1935ರಲ್ಲಿ ‘ಬೆಟ್ಟದ ಹೆಂಗಸರು’ ಬರೆದರು. 1978ರಲ್ಲಿ ಅಂಚೆ ಇಲಾಖೆ ಅದನ್ನು ಸ್ಟಾಂಪ್ ಮಾಡಿತು, ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಈ ಹೆಂಗಸರ ಪಕ್ಕದಲ್ಲಿ ತಾಹಿತಿಯವಳನ್ನು ನಿಲ್ಲಿಸಿ ನೋಡಿ. ಅದೇ ಪಕ್ಕಕ್ಕೆ ಸರಿದ ನೋಟ. ಅದೇ ಬೇಸರ. ಇವರಿಗೆ ಬಟ್ಟೆ ಇದೆ, ಅಷ್ಟೇ ವ್ಯತ್ಯಾಸ. ತಮ್ಮ ಮೈಯಲ್ಲೇ ಮೊದಲು ಕಲಿತ ನಿಲುವನ್ನು ಆಮೇಲೆ ಬೇರೆಯವರಲ್ಲಿ ಗುರುತಿಸಿದರು ಅಂತ ನನ್ನ ವಾದ. ಶ್ರೀಮಂತರ ಮಗಳು ಬಡವರನ್ನು ದೂರದಿಂದ ನೋಡಿ ಮರುಗಿದಳು ಎಂಬ ಮಾತು ಅರ್ಧ ನಿಜ. ಆದರೆ ನೋಡಿಸಿಕೊಳ್ಳುವುದು ಅಂದರೇನು ಅಂತ ಅವರಿಗೆ ಸ್ವಂತಕ್ಕೆ ಗೊತ್ತಿತ್ತು.

1936ರ ಕೊನೆಗೆ ದಕ್ಷಿಣದ ಪ್ರವಾಸ ಹೊರಟರು. ಬೊಂಬಾಯಿ, ಅಜಂತಾ, ಎಲ್ಲೋರಾ, ಹೈದರಾಬಾದ್, ತಿರುವನಂತಪುರ, ಕನ್ಯಾಕುಮಾರಿ, ಕೊಚ್ಚಿ. ಅಜಂತಾ ನೋಡಿದ ಮೇಲೆ, ಭಾರತಕ್ಕೆ ಬಂದ ನಂತರ ಮೊದಲ ಬಾರಿಗೆ ಇನ್ನೊಬ್ಬರ ಕೆಲಸದಿಂದ ಏನೋ ಕಲಿತೆ ಅಂತ ಬರೆದರು. ಜಂಬ ಎಲ್ಲಿಗೆ ಹೋಗುತ್ತದೆ ಹೇಳಿ! ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳ ಮುಂದೆ ಕೂತು ಸ್ಕೆಚ್ ಮಾಡಿಕೊಂಡರು. ವಾಪಸ್ ಹೋಗಿ 1937ರಲ್ಲಿ ಮೂರು ದೊಡ್ಡ ಚಿತ್ರ ಬರೆದರು: ‘ಮದುಮಗಳ ಅಲಂಕಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು’.

‘ಬ್ರಹ್ಮಚಾರಿಗಳು’ ಚಿತ್ರದ ಮುಂದೆ ಸ್ವಲ್ಪ ನಿಲ್ಲೋಣ. ಐವರು ಹುಡುಗರು ನೆಲದ ಮೇಲೆ ಕೂತಿದ್ದಾರೆ. ಬರಿಮೈ, ಜನಿವಾರ, ಬಿಳಿ ಪಂಚೆ. ನಮ್ಮ ಕಡೆಯ ಯಾವ ಮಠದ ಜಗುಲಿಯಲ್ಲಾದರೂ ಕಾಣಬಹುದಾದ ಹುಡುಗರು. ಇಲ್ಲಿ ಬಿಳಿ ಬಣ್ಣವನ್ನು ನೋಡಿ. ಅದು ಒಂದೇ ಬಿಳಿಯಲ್ಲ. ಒಂದು ಹಳದಿಗೆ ತಿರುಗಿದೆ, ಇನ್ನೊಂದು ಹಸಿರಿಗೆ, ಮತ್ತೊಂದು ಬೂದಿಗೆ. ಕಂದು ಮೈಗಳ ನಡುವೆ ಆ ಬಿಳಿಯೇ ಚಿತ್ರವನ್ನು ಹಿಡಿದಿಟ್ಟಿದೆ. ಈಗ ತಾಹಿತಿಯವಳ ಸೊಂಟದ ಬಟ್ಟೆ ನೋಡಿ. ಕಂದು ಮೈಯ ಪಕ್ಕ ಬಿಳಿ ಇಟ್ಟರೆ ಏನಾಗುತ್ತದೆ ಅಂತ ಅವರು ಪ್ರಯತ್ನಿಸಿದ್ದು ಅಲ್ಲಿ. ಮೂರು ವರ್ಷ ಬಿಟ್ಟು ಆ ಬಟ್ಟೆ ದಕ್ಷಿಣದ ಪಂಚೆಯಾಗಿ ಬಂದಿದೆ.

ಆಮೇಲಿನದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ ಅವರ ಗೆಳೆತನದಿಂದ ಮೊಘಲ್ ಮತ್ತು ಹಿಮಾಲಯದ ತಪ್ಪಲಿನ ಬಸೋಹ್ಲಿ ಶೈಲಿಯ ಕಿರುಚಿತ್ರಗಳ ಪರಿಚಯ ಆಯಿತು. 1938ರಲ್ಲಿ ಹಂಗೇರಿಗೆ ಹೋಗಿ ಸಂಬಂಧಿಕರೇ ಆದ ಡಾಕ್ಟರ್ ವಿಕ್ಟರ್ ಎಗಾನ್ ಅವರನ್ನು ಮದುವೆಯಾದರು. ವಾಪಸ್ ಬಂದು ಗೋರಖ್‌ಪುರದ ಹತ್ತಿರ ಸರಾಯಾದಲ್ಲಿ ನೆಲೆಸಿದರು. ಅಲ್ಲಿ ಬರೆದವು ಸಣ್ಣ ಚಿತ್ರಗಳು. ಅಂಗಳ, ಮಂಚದ ಮೇಲೆ ಮಲಗಿದ ಹೆಂಗಸು, ಅರಿಸಿನ ಅರೆಯುವವರು. ಕೆಂಪು ಬಣ್ಣ ಬಸೋಹ್ಲಿಯಿಂದ ನೇರವಾಗಿ ಬಂದದ್ದು. ಗೋಗ್ಯಾಂ ಅಷ್ಟು ಹೊತ್ತಿಗೆ ಕರಗಿಹೋಗಿದ್ದ. ತಮ್ಮನ್ನು ತಾವು ಬರೆದುಕೊಳ್ಳುವುದೂ ಬಹಳ ಕಡಿಮೆಯಾಗಿತ್ತು. 1941ರ ಸೆಪ್ಟೆಂಬರ್‌ನಲ್ಲಿ ಲಾಹೋರಿಗೆ ಹೋದರು. ಡಿಸೆಂಬರ್ 5ರಂದು, ಪ್ರದರ್ಶನಕ್ಕೆ ಇನ್ನು ಕೆಲವೇ ದಿನ ಇರುವಾಗ, ತೀರಿಕೊಂಡರು. ಇಪ್ಪತ್ತೆಂಟು ವರ್ಷ.

ಬೆಲೆಯ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ, ನಾನೇ ಹೇಳಿಬಿಡುತ್ತೇನೆ. 1937ರ ‘ಕಥೆ ಹೇಳುವವರು’ ಚಿತ್ರ 2023ರಲ್ಲಿ 61.8 ಕೋಟಿ ರೂಪಾಯಿಗೆ ಹರಾಜಾಯಿತು. ಅವರು ಬದುಕಿದ್ದಾಗ ಚಿತ್ರ ಕೊಳ್ಳುವವರು ಸಿಗುವುದೇ ಕಷ್ಟವಿತ್ತು. 1976ರಲ್ಲಿ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾ ಸಂಪತ್ತು ಅಂತ ಘೋಷಿಸಿದ್ದಾರೆ, ಹಾಗಾಗಿ ದೇಶದಲ್ಲಿರುವುದನ್ನು ಹೊರಗೆ ಮಾರುವಂತಿಲ್ಲ.

ನಿಜವಾದ ಚಿತ್ರಗಳನ್ನು ನೋಡಬೇಕು ಅನ್ನುವವರು ದೆಹಲಿಗೆ ಹೋಗಬೇಕು. ಜೈಪುರ ಹೌಸ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಕೃತಿಗಳ ಅತಿ ದೊಡ್ಡ ಸಂಗ್ರಹವಿದೆ. ಆದರೆ ಈ ತಾಹಿತಿಯ ಚಿತ್ರ ಅಲ್ಲಿಲ್ಲ. ಅದು ಕಿರಣ್ ನಾಡರ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಎರಡೂ ಕಡೆ ಹೋಗಿ. ಮೊದಲು ‘ಯಂಗ್ ಗರ್ಲ್ಸ್’ ನೋಡಿ, ಆಮೇಲೆ ತಾಹಿತಿಯವಳನ್ನು, ಅದಾದ ಮೇಲೆ ‘ಬ್ರಹ್ಮಚಾರಿಗಳು’. ಮುಖಗಳನ್ನು ಬಿಟ್ಟುಬಿಡಿ, ಅವು ಹೇಗೂ ನಿಮ್ಮನ್ನು ಎಳೆದುಕೊಳ್ಳುತ್ತವೆ. ಕೈಗಳನ್ನೂ ಬಿಳಿ ಬಟ್ಟೆಯನ್ನೂ ನೋಡಿಕೊಂಡು ಬನ್ನಿ. ಆ ನೆರಳಿನ ಬಗ್ಗೆ ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಬಂದು ಜಗಳ ಆಡಿ, ಅದಕ್ಕೆ ಇನ್ನೊಂದು ಸಂಜೆ ಇಟ್ಟುಕೊಳ್ಳೋಣ.